ಘಟ್ಟದ ಮೇಲೆ, ಘಟ್ಟದ ಕೆಳಗೆ: ಸಣ್ಣ ಡಿಜಿಟಲ್ ಮಾರ್ಕೆಟಿಂಗ್ ಕಚೇರಿಗೆ ಯಾವ ಟೂಲು, ಯಾವ ಕ್ರಮ

ಶಿರಸಿ, ಕುಮಟಾ, ಕಾರವಾರದ ಕಡೆ ಇಂಟರ್ನೆಟ್ ಮಾರ್ಕೆಟಿಂಗ್ ಕೆಲಸ ಹಿಡಿದವರಲ್ಲಿ ನಾನು ಕಂಡ ಹೆಚ್ಚಿನವರು ಒಬ್ಬಿಬ್ಬರೇ ಸೇರಿ ಮನೆಯ ಒಂದು ಕೋಣೆಯಿಂದ ಎಲ್ಲವನ್ನೂ ನಡೆಸುತ್ತಾರೆ. ಗಿರಾಕಿಗಳೂ ನಮ್ಮ ಹಾಗೆಯೇ ಸಣ್ಣವರು. ಗೋಕರ್ಣದ ಹೋಮ್‌ಸ್ಟೇ, ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಕರೆದೊಯ್ಯುವವರು, ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವ ಮನೆ, ಕಾರವಾರದ ಹಲ್ಲಿನ ಆಸ್ಪತ್ರೆ, ಹೊನ್ನಾವರದ ಕಡೆಯ ಮೀನೂಟದ ಹೋಟೆಲು. ಇವರಿಗೆ ಬೇಕಾದದ್ದು ಫೋನು ಬರುವುದು, ಕೋಣೆ ತುಂಬುವುದು, ಬಾಟಲಿ ಖರ್ಚಾಗುವುದು.

ಈ ಕೆಲಸಕ್ಕೆ ಟೂಲುಗಳ ಕೊರತೆಯಿಲ್ಲ. ತಿಂಗಳ ಬಾಡಿಗೆಯ ಸಾಫ್ಟ್‌ವೇರುಗಳ ಜಾಹೀರಾತು ದಿನವೂ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಆರೇಳು ಸಾಕು, ಬಹುಪಾಲು ಉಚಿತವಾದವೇ ಸಾಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಯಾವುದನ್ನು ಮೊದಲು ಕೂರಿಸುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕೆಳಗಿನ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಯಾರು, ಎಲ್ಲಿಂದ ಕೇಳಿಕೊಂಡು ಬಂದರು? ಒಂದು ಶೀಟು

ಪೋಸ್ಟು, ರೀಲು, ಜಾಹೀರಾತು ಯಾವುದಕ್ಕೂ ಕೈ ಹಾಕುವ ಮೊದಲು ಪ್ರತಿ ಗಿರಾಕಿಗೆ ಒಂದು ಗೂಗಲ್ ಶೀಟ್ ತೆರೆಯಿರಿ. ಕಾಲಂಗಳು ಇಷ್ಟೇ: ದಿನಾಂಕ, ಕೇಳಿದವರ ಹೆಸರು, ಊರು, ಎಲ್ಲಿ ನೋಡಿ ಬಂದರು, ಏನು ಕೇಳಿದರು, ಕೊನೆಗೆ ಏನಾಯಿತು, ಎಷ್ಟು ಹಣ ಬಂತು. ‘ಎಲ್ಲಿ ನೋಡಿ ಬಂದರು’ ಮತ್ತು ‘ಕೊನೆಗೆ ಏನಾಯಿತು’ ಎಂಬ ಎರಡು ಕಾಲಂಗಳಿಗೆ ಡ್ರಾಪ್‌ಡೌನ್ ಹಾಕಿ. ಒಬ್ಬರು ‘ಇನ್‌ಸ್ಟಾ’ ಎಂದೂ ಇನ್ನೊಬ್ಬರು ‘ಇನ್‌ಸ್ಟಾಗ್ರಾಂ’ ಎಂದೂ ಬರೆದರೆ ತಿಂಗಳ ಕೊನೆಗೆ ಲೆಕ್ಕ ಕೂಡುವುದಿಲ್ಲ.

ಇದನ್ನು ತುಂಬುವವರು ಯಾರು ಎಂಬುದೇ ನಿಜವಾದ ತೊಡಕು. ಹೋಮ್‌ಸ್ಟೇ ನಡೆಸುವವರು ಬೆಳಗ್ಗೆ ದೋಸೆ ಹುಯ್ಯುತ್ತ, ಮಧ್ಯೆ ತೋಟಕ್ಕೆ ಹೋಗಿ ಬರುತ್ತ ಫೋನು ಎತ್ತುವವರು. ಅವರಿಗೆ ಶೀಟು ತೆರೆದು ತುಂಬಿ ಎಂದರೆ ಎರಡು ದಿನ ನಡೆದೀತು, ಮೂರನೆಯ ದಿನ ನಿಂತೀತು. ಅದಕ್ಕೆ ನಾಲ್ಕೇ ಪ್ರಶ್ನೆಗಳ ಗೂಗಲ್ ಫಾರ್ಮ್ ಮಾಡಿ, ಅದರ ಲಿಂಕನ್ನು ಅವರ ಫೋನಿನ ಮುಖಪುಟದಲ್ಲಿ ಐಕಾನ್ ಆಗಿ ಕೂರಿಸಿ ಕೊಡಿ. ಉತ್ತರಗಳು ತಾವಾಗಿಯೇ ಶೀಟಿಗೆ ಬಂದು ಬೀಳುತ್ತವೆ. ಫೋನು ಇಡುವ ಮೊದಲು “ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?” ಎಂದು ಕೇಳುವ ರೂಢಿಯನ್ನು ಅವರಿಗೆ ಹತ್ತಿಸಿ. ಕೇಳಿದರೆ ಜನ ಹೇಳುತ್ತಾರೆ.

ಕೇಳದೆಯೂ ತಿಳಿಯುವ ದಾರಿಯೊಂದಿದೆ. ವಾಟ್ಸಾಪ್‌ನ ಚಾಟ್ ಲಿಂಕಿಗೆ ಮೊದಲೇ ಬರೆದ ಸಂದೇಶವನ್ನು ಸೇರಿಸಬಹುದು. ಡಬ್ಲ್ಯುಎ ಡಾಟ್ ಎಂಇ, ಒಂದು ಓರೆಗೆರೆ, 91, ಅದಕ್ಕೆ ಅಂಟಿಕೊಂಡು ಹತ್ತಂಕಿಯ ಸಂಖ್ಯೆ, ಬಳಿಕ ಪ್ರಶ್ನಾರ್ಥಕ ಚಿಹ್ನೆ, ‘ಟೆಕ್ಸ್ಟ್’ ಎಂಬ ಇಂಗ್ಲಿಷ್ ಪದ, ಸಮ ಚಿಹ್ನೆ, ಕೊನೆಗೆ ಸಂದೇಶ. ಪದಗಳ ನಡುವಿನ ಖಾಲಿ ಜಾಗಕ್ಕೆ ಶೇಕಡಾ ಚಿಹ್ನೆ ಮತ್ತು 20 ಬರೆಯಬೇಕು. ಇನ್‌ಸ್ಟಾಗ್ರಾಂನಲ್ಲಿ ಹಾಕುವ ಲಿಂಕಿನಲ್ಲಿ ‘ನಮಸ್ಕಾರ, ಕೋಣೆ ಬೇಕಿತ್ತು’ ಎಂದಿರಲಿ. ವೆಬ್‌ಸೈಟಿನಲ್ಲಿ ಹಾಕುವುದರಲ್ಲಿ ‘ನಮಸ್ಕಾರ, ಕೋಣೆ ಖಾಲಿ ಇದೆಯೇ’ ಎಂದಿರಲಿ. ಬಂದ ಮೊದಲ ಸಾಲನ್ನು ನೋಡಿದರೆ ಸಾಕು, ದಾರಿ ಯಾವುದೆಂದು ಗೊತ್ತಾಗುತ್ತದೆ. ವೆಬ್‌ಸೈಟಿಗೆ ಕಳಿಸುವ ಲಿಂಕುಗಳಿಗೆ ಇದೇ ಕೆಲಸವನ್ನು ಯುಟಿಎಂ ಟ್ಯಾಗುಗಳು, ಅಂದರೆ ಎಲ್ಲಿಂದ ಬಂದರೆಂದು ಗುರುತಿಸಲು ಲಿಂಕಿನ ಕೊನೆಗೆ ಸೇರಿಸುವ ಪದಗಳು, ಮಾಡುತ್ತವೆ; ಅವುಗಳ ಲೆಕ್ಕ ವೆಬ್‌ಸೈಟಿಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಸಿಗುತ್ತದೆ. ಆದರೆ ನಮ್ಮ ಸಣ್ಣ ಗಿರಾಕಿಗಳ ವ್ಯವಹಾರವೆಲ್ಲ ಕೊನೆಗೆ ಫೋನು ಮತ್ತು ವಾಟ್ಸಾಪ್‌ನಲ್ಲಿ ಮುಗಿಯುವುದರಿಂದ ಶೀಟಿನ ಮಾತೇ ಮೇಲು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆರು ತಿಂಗಳು ಕಳೆದ ಮೇಲೆ ಗಿರಾಕಿ “ನಿಮ್ಮಿಂದ ನಮಗೆ ಏನು ಬಂತು?” ಎಂದು ಕೇಳಿಯೇ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಆಗ ಲೈಕುಗಳ ಸಂಖ್ಯೆ ತೋರಿಸಿದರೆ ಅವರ ಮುಖ ಬಾಡುತ್ತದೆ. ಹುಬ್ಬಳ್ಳಿಯಿಂದ ಬಂದ ಕುಟುಂಬಗಳು ಇಷ್ಟು, ಅದರಲ್ಲಿ ಗೂಗಲ್ ಮ್ಯಾಪ್ ನೋಡಿ ಬಂದವರು ಇಷ್ಟು ಎಂದು ತೋರಿಸಿದರೆ ಮಾತು ಬೇರೆಯೇ ಆಗುತ್ತದೆ. ಮುಂದಿನ ಹೆಜ್ಜೆಗಳ ಟೂಲುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನೂ ಈ ಶೀಟೇ ತೀರ್ಮಾನಿಸಲಿ.

ಒಂದು ಎಚ್ಚರಿಕೆ. ಇದರಲ್ಲಿ ಜನರ ಹೆಸರು, ಕೆಲವೊಮ್ಮೆ ನಂಬರು ಇರುತ್ತವೆ. ‘ಲಿಂಕ್ ಇದ್ದ ಯಾರು ಬೇಕಾದರೂ ನೋಡಬಹುದು’ ಎಂಬ ಹಂಚಿಕೆ ಬೇಡ. ಇಮೇಲ್ ಹಾಕಿ, ಬೇಕಾದವರಿಗೆ ಮಾತ್ರ ಕೊಡಿ. ಒಬ್ಬ ಗಿರಾಕಿಗೆ ಬಂದ ನಂಬರನ್ನು ಇನ್ನೊಬ್ಬ ಗಿರಾಕಿಯ ಪ್ರಚಾರಕ್ಕೆ ಬಳಸಬೇಡಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಅದು ಸಲ್ಲದ ಕೆಲಸ.

ಹೆಜ್ಜೆ 2: ಖಾತೆಗಳೆಲ್ಲ ಗಿರಾಕಿಯ ಹೆಸರಿನಲ್ಲಿ, ಬೀಗದ ಕೈ ಸರಿಯಾದ ಜಾಗದಲ್ಲಿ

ಡೊಮೇನ್ (ವೆಬ್‌ಸೈಟಿನ ವಿಳಾಸ), ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ ಮತ್ತು ಮ್ಯಾಪಿನಲ್ಲಿ ಕಾಣುವ ವ್ಯವಹಾರದ ಪರಿಚಯ), ಫೇಸ್‌ಬುಕ್ ಪುಟ, ಜಾಹೀರಾತು ಖಾತೆ ಇವೆಲ್ಲ ಗಿರಾಕಿಯ ಇಮೇಲ್‌ನಿಂದ, ಅವರ ಹೆಸರಿನಲ್ಲಿ ತೆರೆಯಬೇಕು. ನೀವು ಮ್ಯಾನೇಜರ್ ಆಗಿ ಒಳಗೆ ಬನ್ನಿ. ಗೂಗಲ್ ಪ್ರೊಫೈಲಿನಲ್ಲಿ ಒಡೆಯ ಮತ್ತು ಮ್ಯಾನೇಜರ್ ಎಂಬ ಬೇರೆ ಬೇರೆ ಪಾತ್ರಗಳಿವೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಕಂಪನಿ ಮೆಟಾದಲ್ಲಿಯೂ ಪುಟದ ಪ್ರವೇಶವನ್ನು ಕೆಲಸಕ್ಕೆ ತಕ್ಕಂತೆ ಕೊಡಬಹುದು. ಹೀಗೆ ಮಾಡಿದರೆ ಗಿರಾಕಿಯ ಪಾಸ್‌ವರ್ಡ್ ನಿಮಗೆ ಗೊತ್ತಿರಬೇಕಾದ ಅಗತ್ಯವೇ ಬೀಳುವುದಿಲ್ಲ. ಎಲ್ಲವನ್ನೂ ತಮ್ಮ ಹೆಸರಿನಲ್ಲಿ ಇಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುವವರೂ ಈ ಕ್ಷೇತ್ರದಲ್ಲಿದ್ದಾರೆ. ಊರು ಸಣ್ಣದು, ಮಾತು ಬೇಗ ಹರಡುತ್ತದೆ; ಅದಕ್ಕಿಂತ ಹೆಚ್ಚಾಗಿ ಅದು ಅವರ ಸೊತ್ತು.

ನಿಮ್ಮದೇ ಪಾಸ್‌ವರ್ಡುಗಳಿಗೆ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಅದರ ಉಚಿತ ಆವೃತ್ತಿಯೇ ನಮ್ಮಂಥವರಿಗೆ ಸಾಕಾಗುತ್ತದೆ, ಇಬ್ಬರು ಕೆಲಸ ಮಾಡುವಲ್ಲಿ ಹಂಚಿಕೊಳ್ಳಲೂ ಬರುತ್ತದೆ. ಡೈರಿಯ ಹಿಂದಿನ ಪುಟ, ವಾಟ್ಸಾಪ್ ಗುಂಪು ಇವು ಪಾಸ್‌ವರ್ಡ್ ಇಡುವ ಜಾಗಗಳಲ್ಲ.

ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡು ಕೇಳುವ ವ್ಯವಸ್ಥೆ, ಎಲ್ಲ ಖಾತೆಗೂ ಬೇಕೇಬೇಕು. ಇಲ್ಲಿ ನಮ್ಮ ಸೀಮೆಯದೇ ಒಂದು ತೊಂದರೆ ಇದೆ. ಸಿದ್ದಾಪುರ, ಯಲ್ಲಾಪುರ, ಜೋಯಿಡಾದ ಒಳಹಳ್ಳಿಗಳಲ್ಲಿ ಮನೆಗೆ ಫೈಬರ್ ಬಂದಿರುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಗಾಗಿ ಗುಡ್ಡ ಹತ್ತಬೇಕು, ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಅದಕ್ಕೆ ಎಸ್‌ಎಂಎಸ್ ಬದಲು ಗೂಗಲ್ ಅಥೆಂಟಿಕೇಟರ್‌ನಂಥ ಆ್ಯಪ್ ಇಟ್ಟುಕೊಳ್ಳಿ. ಅದು ಕೊಡುವ ಆರಂಕಿಯ ಕೋಡಿಗೆ ಸಿಗ್ನಲ್ಲೂ ಬೇಡ, ಇಂಟರ್ನೆಟ್ಟೂ ಬೇಡ, ಫೋನಿನ ಗಡಿಯಾರ ಸರಿ ಇದ್ದರಾಯಿತು. ಗೂಗಲ್ ಖಾತೆ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಗಿರಾಕಿಯ ಕೈಗೆ ಕೊಟ್ಟು, ಮನೆಯ ಕಾಗದಪತ್ರಗಳ ಜೊತೆ ಇಡಲು ಹೇಳಿ.

‘ನಿಮ್ಮ ಪುಟ 24 ಗಂಟೆಯಲ್ಲಿ ರದ್ದಾಗುತ್ತದೆ, ಇಲ್ಲಿ ಒತ್ತಿ’ ಎಂಬ ಸಂದೇಶ ಬಂದರೆ ಒತ್ತದೆ ನಿಮಗೆ ಫೋನು ಮಾಡಬೇಕು ಎಂದು ಗಿರಾಕಿಗೆ ಮೊದಲ ದಿನವೇ ಹೇಳಿಡಿ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹೆಜ್ಜೆ 3: ಗೂಗಲ್ ಬಿಸಿನೆಸ್ ಪ್ರೊಫೈಲ್, ಅರ್ಧ ಕೆಲಸ ಇಲ್ಲಿಯೇ

ಹಿಂದೆ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದುದು 2021ರಿಂದ ಈ ಹೆಸರಿನಲ್ಲಿದೆ. ನಮ್ಮ ಜಿಲ್ಲೆಯ ಮಟ್ಟಿಗೆ ಒಂದೇ ಟೂಲು ಆರಿಸಿಕೊಳ್ಳಿ ಎಂದರೆ ನಾನು ಆರಿಸುವುದು ಇದನ್ನೇ. ಹೊರಗಿನಿಂದ ಬರುವವರು ಕಾರಿನಲ್ಲಿ ಕುಳಿತು ಮ್ಯಾಪಿನಲ್ಲಿಯೇ ಊಟ, ವಸತಿ, ಪೆಟ್ರೋಲು ಹುಡುಕುತ್ತಾರೆ.

ಮೊದಲು ಪಿನ್. ಘಟ್ಟದ ಮನೆಗಳ ಪಿನ್ ಅಂದಾಜಿನಲ್ಲಿ ಇಟ್ಟರೆ ಮ್ಯಾಪು ಅತಿಥಿಯನ್ನು ಯಾರದೋ ಬೆಟ್ಟಕ್ಕೋ, ಹಳ್ಳದ ಆಚೆ ದಡಕ್ಕೋ ಒಯ್ದು ನಿಲ್ಲಿಸುತ್ತದೆ. ಆ ಹೊತ್ತಿಗೆ ಸಿಗ್ನಲ್ಲೂ ಇರುವುದಿಲ್ಲ. ಸ್ಥಳಕ್ಕೆ ಹೋಗಿ, ಗೇಟಿನ ಎದುರು ನಿಂತು, ಉಪಗ್ರಹ ಚಿತ್ರದಲ್ಲಿ ನೋಡಿ ಪಿನ್ ಕೂರಿಸಿ. ಬಳಿಕ ಮುಖ್ಯ ರಸ್ತೆಯಿಂದ ಒಮ್ಮೆ ಮ್ಯಾಪು ಹೇಳಿದಂತೆಯೇ ಗಾಡಿ ಓಡಿಸಿ ನೋಡಿ. ದಾರಿ ತಪ್ಪಾಗಿದ್ದರೆ ಗೂಗಲ್ ಮ್ಯಾಪ್‌ಗೆ ತಿದ್ದುಪಡಿ ಸೂಚಿಸಿ. ಜೊತೆಗೆ ‘ಕೊನೆಯ ತಿರುವು’ ತೋರಿಸುವ ಎರಡು ಫೋಟೊ ತೆಗೆದು ವಾಟ್ಸಾಪ್‌ನ ಕ್ವಿಕ್ ರಿಪ್ಲೈಯಲ್ಲಿ (ಮೊದಲೇ ಬರೆದಿಟ್ಟು ಬೇಕಾದಾಗ ಕಳಿಸುವ ಉತ್ತರ) ಸೇರಿಸಿಡಿ. ಬುಕಿಂಗ್ ಆದವರಿಗೆಲ್ಲ ಹೊರಡುವ ಮೊದಲೇ ಅದು ಹೋಗಲಿ.

ಹೆಸರಿನ ವಿಷಯದಲ್ಲಿ ಆಸೆ ಬೇಡ. ಬೋರ್ಡಿನ ಮೇಲೆ ಏನಿದೆಯೋ ಅದೇ ಹೆಸರು. ‘ಗೋಕರ್ಣದ ಅತ್ಯುತ್ತಮ ಅಗ್ಗದ ಹೋಮ್‌ಸ್ಟೇ’ ಎಂದು ಹೆಸರಿಗೆ ಬಾಲ ಅಂಟಿಸಿದರೆ ಪ್ರೊಫೈಲೇ ಅಮಾನತಾಗಬಹುದು. ಬೇಕಾದ ಮಾತುಗಳನ್ನು ವಿವರಣೆಯಲ್ಲಿ ಬರೆಯಿರಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ. ವರ್ಗ ಆರಿಸುವಾಗ ಅತ್ಯಂತ ಹತ್ತಿರದ್ದನ್ನು ಮುಖ್ಯ ವರ್ಗವಾಗಿಡಿ.

ಸಮಯದ ಬಗ್ಗೆ ನಾವು ಉದಾಸೀನ ಮಾಡುವುದು ಹೆಚ್ಚು. ಮಳೆಗಾಲದಲ್ಲಿ ಕಡಲಾಟ, ಡೈವಿಂಗ್ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ, ಹಾಗಾಗಿ ಮೀನೂಟದ ಹೋಟೆಲಿನ ಪಟ್ಟಿ ಬದಲಾಗುತ್ತದೆ. ಪ್ರೊಫೈಲು ಮಾತ್ರ ವರ್ಷಪೂರ್ತಿ ‘ಈಗ ತೆರೆದಿದೆ’ ಎನ್ನುತ್ತಿರುತ್ತದೆ. ನಂಬಿ ಇನ್ನೂರು ಕಿಲೋಮೀಟರು ಬಂದವರು ಮುಚ್ಚಿದ ಬಾಗಿಲ ಮುಂದೆಯೇ ನಿಂತು ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಹಬ್ಬದ ದಿನಗಳಿಗೆ ವಿಶೇಷ ಸಮಯ, ಇಡೀ ಮಳೆಗಾಲ ಮುಚ್ಚುವವರಿಗೆ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂಬ ಆಯ್ಕೆ ಇದೆ. ಇವೆರಡಕ್ಕೂ ನಿಮ್ಮ ಕ್ಯಾಲೆಂಡರಿನಲ್ಲಿ ನೆನಪು ಹಾಕಿಡಿ.

ರಿವ್ಯೂ ಕೇಳಲು ಪ್ರೊಫೈಲೇ ಒಂದು ಲಿಂಕು ಮತ್ತು ಕ್ಯೂಆರ್ ಕೋಡ್ ಕೊಡುತ್ತದೆ. ಅದನ್ನು ಮುದ್ರಿಸಿ ಊಟದ ಮೇಜಿನ ಮೇಲೊಂದು, ಲೆಕ್ಕ ಕೊಡುವ ಜಾಗದಲ್ಲೊಂದು ಇಡಿಸಿ. ರಿವ್ಯೂ ಬರೆದರೆ ಕೋಕಂ ಬಾಟಲಿ ಉಚಿತ ಎಂಬಂಥ ಆಮಿಷ ಗೂಗಲ್ ನಿಯಮಕ್ಕೆ ವಿರುದ್ಧ. ಬಂಧುಬಳಗದಿಂದ ಬರೆಸುವುದೂ ಅಷ್ಟೇ. ಕೆಟ್ಟ ರಿವ್ಯೂಗೆ ಉತ್ತರ ಬರೆಯುವಾಗ ಗಿರಾಕಿಯನ್ನು ಒಂದು ರಾತ್ರಿ ತಡೆದು ನಿಲ್ಲಿಸಿ. ಬೆಳಗ್ಗೆ ಏನಾಯಿತು, ಏನು ಸರಿಪಡಿಸಿದ್ದೇವೆ ಎಂದು ಮೂರು ಸಾಲು ಬರೆದರೆ ಸಾಕು. ಅದನ್ನು ಓದುವವರು ದೂರು ಕೊಟ್ಟವರಿಗಿಂತ ಹೆಚ್ಚಾಗಿ ಮುಂದೆ ಬರಲಿರುವವರು.

ಹೆಜ್ಜೆ 4: ವಾಟ್ಸಾಪ್ ಬಿಸಿನೆಸ್

ಉಚಿತ ಆ್ಯಪಿನಲ್ಲಿಯೇ ಬೇಕಾದಷ್ಟಿದೆ. ಕ್ವಿಕ್ ರಿಪ್ಲೈಗಳನ್ನು ಐದಾರು ಮಾಡಿಕೊಡಿ: ದರ, ದಾರಿ, ಊಟದ ವಿವರ, ಮುಂಗಡದ ನಿಯಮ, ಜಿಗಣೆ ಮತ್ತು ಮಳೆಯ ಬಗ್ಗೆ ಸೂಚನೆ. ಲೇಬಲ್‌ಗಳನ್ನು ಶೀಟಿನ ‘ಕೊನೆಗೆ ಏನಾಯಿತು’ ಕಾಲಂಗೆ ಹೊಂದಿಸಿ: ಕೇಳಿದ್ದಾರೆ, ಮುಂಗಡ ಬಂದಿದೆ, ಬಂದು ಹೋದರು. ಉಪ್ಪಿನಕಾಯಿ, ಜೋನಿಬೆಲ್ಲ, ತೊಡದೇವು, ಹಲಸಿನ ಹಪ್ಪಳ ಮಾರುವವರಿಗೆ ಕೆಟಲಾಗ್ ನಿಜಕ್ಕೂ ದೊಡ್ಡ ಅನುಕೂಲ. ಪ್ರತಿ ಬಾರಿ ಫೋಟೊ ಹುಡುಕಿ ಕಳಿಸುವ, ತೂಕ ಬೆಲೆ ಬರೆಯುವ ಕೆಲಸ ತಪ್ಪುತ್ತದೆ. ಆಹಾರ ಮಾರುವವರ ಕೆಲಸ ಹಿಡಿಯುವ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಇದೆಯೇ ಕೇಳಿಬಿಡಿ; ಅದು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ.

ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ಹೋಗುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ, ಒಂದು ಪಟ್ಟಿಗೆ 256 ಜನ. ಇದು ಕೊರತೆಯೆಂದು ಕೊರಗಬೇಡಿ. ಬೇಡದವರಿಗೆ ಕಳಿಸದಂತೆ ಅದು ನಮ್ಮನ್ನು ಕಾಯುತ್ತದೆ. ಸಾವಿರಾರು ನಂಬರಿಗೆ ಒಮ್ಮೆಲೇ ಕಳಿಸುತ್ತೇವೆ ಎನ್ನುವ ಹೊರಗಿನ ಸಾಫ್ಟ್‌ವೇರುಗಳ ಸಹವಾಸ ಬೇಡ. ನಂಬರು ನಿಷೇಧವಾದರೆ ವರ್ಷಗಳ ಸಂಪರ್ಕ ಹೋಗುತ್ತದೆ.

ಕಂಪ್ಯೂಟರು, ಇನ್ನೊಂದು ಫೋನು ಹೀಗೆ ನಾಲ್ಕು ಸಾಧನಗಳನ್ನು ಜೋಡಿಸಬಹುದು. ಮುಖ್ಯ ಫೋನನ್ನು 14 ದಿನ ಬಳಸದಿದ್ದರೆ ಅವೆಲ್ಲ ತಾವಾಗಿ ಕಳಚಿಕೊಳ್ಳುತ್ತವೆ.

ಹೆಜ್ಜೆ 5: ಬರಹ ಮತ್ತು ಫೋಟೊ

ಕನ್ನಡ ಬರಹವೆಲ್ಲ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ವ್ಯವಸ್ಥೆಯಲ್ಲಿ, ಇರಬೇಕು. ಮುದ್ರಣದ ಅಂಗಡಿಗಳಿಂದ ಬರುವ ಕರಪತ್ರ, ಮೆನು, ಪರಿಚಯದ ಕಡತಗಳು ಇನ್ನೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಇರುವುದುಂಟು. ಅವನ್ನು ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳಾಗುತ್ತವೆ, ಚಿತ್ರವಾಗಿ ಹಾಕಿದರೆ ಹುಡುಕಾಟಕ್ಕೆ ಸಿಗುವುದಿಲ್ಲ. ಪರಿವರ್ತಕ ಟೂಲುಗಳು ಉಚಿತವಾಗಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಕಣ್ಣಿಟ್ಟು ನೋಡಿ. ವಿನ್ಯಾಸಕ್ಕೆ ಕ್ಯಾನ್ವಾ ಸಾಕು. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಇವು ಫೋನಿನ ಪರದೆಯ ಮೇಲೂ ಚೆನ್ನಾಗಿ ಓದಲು ಬರುವ ಉಚಿತ ಫಾಂಟುಗಳು. ಪ್ರತಿ ಗಿರಾಕಿಗೆ ಮೂರು ಟೆಂಪ್ಲೇಟು ಮಾಡಿಟ್ಟು ಅದರಲ್ಲಿಯೇ ತಿರುಗಿಸಿ. ದಿನವೂ ಹೊಸ ವಿನ್ಯಾಸ ಹುಡುಕುವುದು ಸಮಯ ತಿನ್ನುವ ಚಟ.

ಚಾಟ್‌ಜಿಪಿಟಿ, ಜೆಮಿನಿಯಂಥವು ಕನ್ನಡ ಬರೆದು ಕೊಡುತ್ತವೆ. ಕರಡಿಗೆ, ಇಂಗ್ಲಿಷ್ ರಿವ್ಯೂ ಉತ್ತರಕ್ಕೆ, ಶೀಟಿನ ಸೂತ್ರ ಕೇಳಿಕೊಳ್ಳಲು ಬಳಸಿ. ಆದರೆ ಊರು, ದೂರ, ದಿನಾಂಕಗಳನ್ನು ಅವು ಧೈರ್ಯವಾಗಿ ತಪ್ಪು ಹೇಳುವುದುಂಟು. ಯಾಣಕ್ಕೆ ಹೋಗುವ ದಾರಿಯನ್ನು ಹೋಗಿ ನೋಡಿದವರೇ ಬರೆಯಬೇಕು. ಕುಮಟೆಯ ಅಜ್ಜಿ ಕೋಕಂ ಸಾರಿನ ಬಗ್ಗೆ ಹೇಳಿದ ಎರಡು ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಜಿಬೋರ್ಡಿನ ಕನ್ನಡ ಧ್ವನಿ ಟೈಪಿಂಗ್‌ನಿಂದ ಇಳಿಸಿಕೊಂಡು, ಅವರ ಒಪ್ಪಿಗೆ ಪಡೆದು ಹಾಕಿ ನೋಡಿ. ಯಾವ ಯಂತ್ರವೂ ಅಂಥದ್ದನ್ನು ಕೊಡುವುದಿಲ್ಲ.

ಫೋಟೊ ಸಂಗ್ರಹಕ್ಕೆ ನಿಯಮ ಇರಲಿ. ಗಿರಾಕಿ ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿಕೊಡಿ. ಕಡತದ ಹೆಸರು ವರ್ಷ, ತಿಂಗಳು, ಗಿರಾಕಿ, ವಿಷಯ ಈ ಕ್ರಮದಲ್ಲಿ ಇರಲಿ. ಗೂಗಲ್‌ನ ಉಚಿತ ಜಾಗ 15 ಜಿಬಿ, ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ವಿಡಿಯೊ ತುಂಬಿದರೆ ಇಮೇಲ್ ಬರುವುದೇ ನಿಲ್ಲುತ್ತದೆ. ಮೂಲ ವಿಡಿಯೊಗಳು ಹಾರ್ಡ್‌ಡಿಸ್ಕಿನಲ್ಲಿ, ಬಳಕೆಯವು ಮಾತ್ರ ಡ್ರೈವ್‌ನಲ್ಲಿ.

ಋತುವಿನ ವಿಷಯದಲ್ಲಿ ಪ್ರಾಮಾಣಿಕರಾಗಿರಬೇಕು. ಉಂಚಳ್ಳಿ, ಮಾಗೋಡು ಜಲಪಾತಗಳ ಆಗಸ್ಟ್ ತಿಂಗಳ ಭೋರ್ಗರೆತವನ್ನು ಏಪ್ರಿಲ್‌ನಲ್ಲಿ ಹಾಕಿ ಜನರನ್ನು ಕರೆಯುವುದು ಮೋಸ. ಹಳೆಯ ಫೋಟೊ ಹಾಕಿದರೆ ತೆಗೆದ ತಿಂಗಳನ್ನು ಬರೆಯಿರಿ.

ಹೆಜ್ಜೆ 6: ಜಾಹೀರಾತಿಗೆ ಹಣ ಹಾಕುವುದು

ಮೂರು ತಿಂಗಳ ಶೀಟು ಕೈಯಲ್ಲಿ ಇಲ್ಲದೆ ಜಾಹೀರಾತಿಗೆ ಹಣ ಹಾಕಿಸಬೇಡಿ. ಹಾಕುವಾಗ ಪೋಸ್ಟಿನ ಕೆಳಗಿನ ಬೂಸ್ಟ್ ಗುಂಡಿಯನ್ನು ಬಿಟ್ಟು ಮೆಟಾದ ಆ್ಯಡ್ಸ್ ಮ್ಯಾನೇಜರ್‌ನಿಂದ ಹಾಕಿ. ಉದ್ದೇಶ, ಊರು, ವಯಸ್ಸು, ಮಿತಿ ಎಲ್ಲದರ ಮೇಲೂ ಅಲ್ಲಿ ಹಿಡಿತ ಹೆಚ್ಚು.

ಸ್ಥಳ ಆರಿಸುವಲ್ಲಿ ತುಂಬ ಹಣ ಸೋರುತ್ತದೆ. ಗೋಕರ್ಣದ ಹೋಮ್‌ಸ್ಟೇಯ ಜಾಹೀರಾತನ್ನು ಗೋಕರ್ಣದವರಿಗೆ ತೋರಿಸಿ ಪ್ರಯೋಜನವೇನು? ಶೀಟಿನ ‘ಊರು’ ಕಾಲಂ ನೋಡಿ: ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಬೆಂಗಳೂರು, ಗೋವಾ, ಯಾವುದು ಮೇಲಿದೆಯೋ ಅಲ್ಲಿಂದ ಶುರುಮಾಡಿ. ಗೂಗಲ್ ಆ್ಯಡ್ಸ್‌ನಲ್ಲಿ ಸ್ಥಳ ಕೊಟ್ಟರೆ, ಅಲ್ಲಿ ಇರುವವರ ಜೊತೆಗೆ ಆ ಸ್ಥಳದಲ್ಲಿ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಹೋಗುವುದು ನಾವು ಬದಲಾಯಿಸದಿದ್ದರೆ ತಾನಾಗಿಯೇ ಇರುವ ಆಯ್ಕೆ. ಹೋಮ್‌ಸ್ಟೇಗೆ ಅದು ಒಳ್ಳೆಯದೇ. ಕಾರವಾರದ ಹಲ್ಲಿನ ಆಸ್ಪತ್ರೆಗೆ ಅದು ನಷ್ಟ. ಅಲ್ಲಿ ‘ಈ ಸ್ಥಳದಲ್ಲಿ ಇರುವವರು ಮಾತ್ರ’ ಎಂದು ಬದಲಾಯಿಸಿ.

ಖಾತೆಗೆ ಒಟ್ಟು ಖರ್ಚಿನ ಮಿತಿ ಹಾಕದೆ ಜಾಹೀರಾತು ಚಾಲೂ ಮಾಡಬೇಡಿ. ಜಾಹೀರಾತಿನ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ ಎಂಬುದನ್ನು ಗಿರಾಕಿಗೆ ಮೊದಲೇ ಹೇಳಿ. ಹಣ ಅವರ ಕಾರ್ಡಿನಿಂದಲೇ ಹೋಗಲಿ. ನಿಮ್ಮ ಕೈಯಿಂದ ಕಟ್ಟಿ ನಿಮ್ಮ ಬಿಲ್ಲಿಗೆ ಸೇರಿಸಿದರೆ ಅದೂ ನಿಮ್ಮ ವಹಿವಾಟಾಗಿ ಕಾಣಿಸಿಕೊಳ್ಳುತ್ತದೆ. ಸೇವಾ ಕೆಲಸಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ಅನಗತ್ಯವಾಗಿ ಅದರ ಹತ್ತಿರ ಹೋಗುತ್ತೀರಿ. ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿ. ಸಣ್ಣ ಉದ್ದಿಮೆಗಳಿಗಾಗಿ ಇರುವ ‘ಉದ್ಯಮ್’ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ, ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳು ಬೇಡ.

ಹೆಜ್ಜೆ 7: ದಿನ, ವಾರ, ವರ್ಷ

ಕೆಲಸಗಳ ಪಟ್ಟಿಗೆ ಟ್ರೆಲ್ಲೊ ಬೋರ್ಡಾದರೂ ಸರಿ, ಶೀಟಿನ ಇನ್ನೊಂದು ಹಾಳೆಯಾದರೂ ಸರಿ. ಎರಡು ಕಡೆ ಬರೆಯಬೇಡಿ. ಬೆಳಗಿನ ಹೊತ್ತು ಎರಡು ತಾಸು ಬರೆಯುವ, ವಿನ್ಯಾಸ ಮಾಡುವ ಕೆಲಸಕ್ಕೆ. ಆಗ ವಾಟ್ಸಾಪ್ ಮುಚ್ಚಿರಲಿ. ಸಂದೇಶಗಳಿಗೆ ಉತ್ತರ ಹನ್ನೊಂದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ, ತುರ್ತಿದ್ದರೆ ಫೋನು ಮಾಡಿ ಎಂದು ಗಿರಾಕಿಗಳಿಗೆ ತಿಳಿಸಿದರೆ ಅವರು ಒಪ್ಪುತ್ತಾರೆ. ವಾರದ ಪೋಸ್ಟುಗಳನ್ನು ಒಂದೇ ದಿನ ಕುಳಿತು ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಶೆಡ್ಯೂಲ್ ಮಾಡಿ. ಇದು ನಮಗೆ ಅನುಕೂಲಕ್ಕಿಂತ ಹೆಚ್ಚಾಗಿ ಅನಿವಾರ್ಯ: ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು, ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ರೂಟರಿಗೆ ಒಂದು ಚಿಕ್ಕ ಯುಪಿಎಸ್ ಇಡಿ. ಇನ್ನೊಂದು ಕಂಪನಿಯ ಸಿಮ್ ಜೊತೆಗಿರಲಿ. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ಮತ್ತು ಶೀಟ್ಸ್‌ನ ಆಫ್‌ಲೈನ್ ಸೌಲಭ್ಯವನ್ನು ಇಂಟರ್ನೆಟ್ ಇರುವಾಗಲೇ ಚಾಲೂ ಮಾಡಿಡಿ. ಆಮೇಲೆ ಸಂಪರ್ಕವಿಲ್ಲದೆಯೂ ಬರೆಯಬಹುದು, ಬಂದಾಗ ಅದೇ ಸೇರಿಕೊಳ್ಳುತ್ತದೆ.

ವರ್ಷದ ಕ್ಯಾಲೆಂಡರನ್ನು ನಮ್ಮ ಸೀಮೆಯ ಲೆಕ್ಕದಲ್ಲಿ ಹಾಕಿ. ಜೂನ್‌ನಿಂದ ಆಗಸ್ಟ್ ವೆಬ್‌ಸೈಟು ತಿದ್ದುವ, ಟೆಂಪ್ಲೇಟು ಮಾಡುವ, ಜಲಪಾತ ಚಿತ್ರೀಕರಿಸುವ ಕಾಲ. ಸೆಪ್ಟೆಂಬರ್‌ನಲ್ಲಿ ದಸರಾ, ದೀಪಾವಳಿ ರಜೆಯ ಪ್ರಚಾರ ಶುರುವಾಗಬೇಕು. ಡಿಸೆಂಬರ್ ಕೊನೆಯ ವಾರ ಕರಾವಳಿಗೆ ಪ್ರಚಾರ ಬೇಡವೇ ಬೇಡ, ಆಗ ಕೋಣೆ ಹೇಗೂ ತುಂಬುತ್ತದೆ. ಆ ಹಣವನ್ನು ಜನವರಿಯ ನಡುವಾರಗಳಿಗೆ ಉಳಿಸಿ. ಗೋಕರ್ಣದ ಶಿವರಾತ್ರಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆ ಇವುಗಳ ದಿನಾಂಕ ಗೊತ್ತಾದ ದಿನವೇ ಕ್ಯಾಲೆಂಡರಿಗೆ ಏರಲಿ. ಅಪ್ಪೆಮಿಡಿ ಬೇಸಿಗೆಯ ಮೊದಲಿಗೆ ಬರುತ್ತದೆ, ಕೆಲವೇ ವಾರ. ಮುಂಗಡ ಬೇಡಿಕೆ ತೆಗೆದುಕೊಳ್ಳುವ ಫಾರ್ಮು ಮರದಲ್ಲಿ ಹೂವಿರುವಾಗಲೇ ಹೊರಡಬೇಕು.

ಹೆಜ್ಜೆ 8: ತಿಂಗಳ ವರದಿ, ಮತ್ತು ಗಿರಾಕಿ ಬಿಟ್ಟು ಹೋಗುವಾಗ

ವರದಿ ಒಂದೇ ಪುಟ, ಕನ್ನಡದಲ್ಲಿ. ಎಷ್ಟು ಜನ ಕೇಳಿದರು, ಎಲ್ಲಿಂದ, ಎಷ್ಟು ಗಟ್ಟಿಯಾಯಿತು, ಪ್ರೊಫೈಲಿನಿಂದ ಎಷ್ಟು ಕರೆ ಮತ್ತು ದಾರಿ ಹುಡುಕಾಟ, ಜಾಹೀರಾತಿಗೆ ಎಷ್ಟು ಖರ್ಚು, ಮುಂದಿನ ತಿಂಗಳು ಏನು ಮಾಡುತ್ತೇವೆ. ಕಳೆದ ತಿಂಗಳ ಜೊತೆ ಹೋಲಿಸಬೇಡಿ. ಮೇ ತಿಂಗಳನ್ನು ಜೂನ್ ಜೊತೆ ಹೋಲಿಸಿದರೆ ಯಾರ ಕೆಲಸವೂ ಸೋತಂತೆಯೇ ಕಾಣುತ್ತದೆ. ಹೋದ ವರ್ಷದ ಅದೇ ತಿಂಗಳ ಜೊತೆ ಇಡಿ. ಪುಟವನ್ನು ವಾಟ್ಸಾಪ್ ಮಾಡಿ ಸುಮ್ಮನಾಗಬೇಡಿ, ಹತ್ತು ನಿಮಿಷ ಫೋನಿನಲ್ಲಿ ಓದಿ ಹೇಳಿ.

ಪ್ರತಿ ಜೂನ್‌ನಲ್ಲಿ ನೀವು ಹಣ ಕೊಡುತ್ತಿರುವ ಟೂಲುಗಳ ಪಟ್ಟಿ ತೆಗೆಯಿರಿ. ಯಾವುದರಿಂದ ಶೀಟಿನಲ್ಲಿ ಒಂದು ಸಾಲೂ ಹುಟ್ಟಿಲ್ಲವೋ, ಯಾವುದು ನಿಮ್ಮ ಸಮಯವನ್ನೂ ಉಳಿಸಿಲ್ಲವೋ ಅದನ್ನು ರದ್ದು ಮಾಡಿ.

ಗಿರಾಕಿ ಬಿಟ್ಟು ಹೋಗುವ ದಿನ ಬಂದೇ ಬರುತ್ತದೆ. ಮಗ ಬೆಂಗಳೂರಿನಿಂದ ಬಂದು ತಾನೇ ನೋಡಿಕೊಳ್ಳುತ್ತಾನೆ, ಅಥವಾ ಕಡಿಮೆ ದರದವರು ಸಿಗುತ್ತಾರೆ. ಆಗ ಅದೇ ವಾರ ಶೀಟಿನ ಮತ್ತು ಡ್ರೈವ್ ಕಡತಗಳ ಒಡೆತನವನ್ನು ಅವರ ಇಮೇಲ್‌ಗೆ ವರ್ಗಾಯಿಸಿ, ಒಪ್ಪಿಗೆಯ ಗುಂಡಿಯನ್ನು ಅವರು ಒತ್ತಿದ್ದಾರೆಯೇ ನೋಡಿ. ಕ್ಯಾನ್ವಾ ಟೆಂಪ್ಲೇಟಿನ ಲಿಂಕು, ಶೆಡ್ಯೂಲ್ ಆಗಿ ಉಳಿದ ಪೋಸ್ಟುಗಳ ಪಟ್ಟಿ, ಡೊಮೇನ್ ನವೀಕರಣದ ದಿನಾಂಕ ಬರೆದುಕೊಡಿ. ನಡೆಯುತ್ತಿರುವ ಜಾಹೀರಾತನ್ನು ನಿಲ್ಲಿಸಬೇಕೇ ಕೇಳಿ. ಕೊನೆಗೆ ಗೂಗಲ್ ಪ್ರೊಫೈಲ್ ಮತ್ತು ಮೆಟಾದಿಂದ ನಿಮ್ಮ ಹೆಸರನ್ನು ನೀವೇ ತೆಗೆದು, ತೆಗೆದದ್ದರ ಸ್ಕ್ರೀನ್‌ಶಾಟ್ ಅವರಿಗೆ ಕಳಿಸಿ.